ನಂಜಪ್ಪನವರು ಕಾಡಿಗೆ ಬಿಟ್ಟ ಬೆಕ್ಕು

೨೦೦೬ರ ಮಾತು. ಧಾರವಾಡದಿಂದ ಕೆಲಸಕ್ಕೆಂದು ಬಂದ ನಾನು ಉತ್ತರಹಳ್ಳಿಯಲ್ಲಿ ನಂಜಪ್ಪನವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮ ಆಫೀಸಿನ ಮೇಡಂ ಹತ್ತು ದಿನ ಊರಿಗೆ ಹೋಗುವಾಗ ತಮ್ಮ ಬೆಕ್ಕು ಚಿನ್ನುವನ್ನು ನನ್ನ ಬಳಿ ಬಿಟ್ಟುಹೋದರು. ಕಾಡುಬೆಕ್ಕನ್ನೂ ಮನೆಬೆಕ್ಕನ್ನೂ ಕೂಡಿಸಿ ಬೆಳೆಸಿದ ಬೆಂಗಾಲ್ ತಳಿಯಂತೆ. ಮೈಯೆಲ್ಲ ಚಿರತೆಯ ಮಚ್ಚೆ. ನೀರೆಂದರೆ ಅದಕ್ಕೆ ಪ್ರಾಣ. ನಲ್ಲಿ ಬಿಟ್ಟರೆ ಸಾಕು, ಎಲ್ಲಿದ್ದರೂ ಓಡಿಬಂದು ಬಕೆಟ್‌ಗೆ ಇಳಿಯುತ್ತಿತ್ತು.

ಪ್ರಾಣಿ ಸಾಕುವಂತಿಲ್ಲ ಎಂದು ನಂಜಪ್ಪ ಮೊದಲೇ ಹೇಳಿದ್ದರು. ಹತ್ತು ದಿನ ತಾನೇ ಎಂದು ನಾನು ಬಾಯಿ ಬಿಡಲಿಲ್ಲ. ಈ ಊರಲ್ಲಿ ನನಗಾಗಿ ಕಾಯುವ ಜೀವವೊಂದಿದೆ ಎಂದು ಅನ್ನಿಸಿದ್ದು ಆಗಲೇ.

ಶನಿವಾರ ಮಧ್ಯಾಹ್ನ ಬಂದರೆ ಕಿಟಕಿ ತೆರೆದಿತ್ತು, ಚಿನ್ನು ಇರಲಿಲ್ಲ. ಗಾಬರಿಯಿಂದ ಕೆಳಗಿಳಿದೆ. ನಂಜಪ್ಪನವರೇ ಶುರು ಮಾಡಿದರು.

“ನೋಡಮ್ಮ, ಬೆಳಗ್ಗೆ ತೊಟ್ಟಿ ನೀರಲ್ಲಿ ಕಾಡುಬೆಕ್ಕು ಆಡ್ತಾ ಇತ್ತು. ಪಾಪ, ದಾರಿ ತಪ್ಪಿ ಬಂದ್ಬಿಟ್ಟಿದೆ. ಮಂಕರಿ ಬುಟ್ಟಿ ಮುಚ್ಚಿ ಹಿಡ್ದು ತುರಹಳ್ಳಿ ಕಾಡಿಗೆ ಬಿಟ್ಟು ಬಂದೆ.”

“ಅದು ಸಾಕಿದ ಬೆಕ್ಕು ರೀ ಅಂಕಲ್. ನಾನ ನಿಮಗ ಹೇಳದ ಮುಚ್ಚಿಟ್ಟಿದ್ದೆ.”

“ನೀರಿಗಿಳಿಯೋ ಮನೆಬೆಕ್ಕನ್ನ ನಾನು ಇದುವರೆಗೂ ನೋಡಿಲ್ಲಮ್ಮ.”

ಒಂದು ಕಾಲಕ್ಕೆ ರಾಗಿ ಬೆಳೆದವರು ಅವರು. ಹೊಲ ಕಾಯುವಾಗ ಅಂಥದೇ ಮಚ್ಚೆಯ ಬೆಕ್ಕುಗಳನ್ನು ಕಂಡಿದ್ದರಂತೆ. ಬೈಯಲು ಮನಸ್ಸು ಬರಲಿಲ್ಲ, ತಪ್ಪು ನನ್ನದೇ ಇತ್ತು.

ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟರು. ನನ್ನ ಕೈಯಲ್ಲಿ ಒಂದು ಕ್ಯಾನ್ ನೀರು. ಕಾಡಿನ ಬಂಡೆಗಳ ಮೇಲೆ ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು, ಗಾಳಿಯಲ್ಲಿ ನೀಲಗಿರಿ ಎಲೆಯ ಘಮ. ರಸ್ತೆಯ ಸದ್ದು ಬೇರೆ ಯಾವುದೋ ಊರಿನದು ಅನ್ನಿಸುತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಬಂಡೆಯ ಕುಳಿಯೊಂದಕ್ಕೆ ನೀರು ಸುರಿಯತೊಡಗಿದೆ, ಸಣ್ಣಗೆ, ನಲ್ಲಿ ಬಿಟ್ಟ ಹಾಗೆ.

ಪೊದೆ ಅಲುಗಿತು. ಚಿನ್ನು ಹೊರಬಂದು ನಿಂತಿತು. ಒಣಹುಲ್ಲು ಯಾವುದು, ಎಲೆಯ ನೆರಳು ಯಾವುದು, ಅದರ ಮೈ ಯಾವುದು, ಗೊತ್ತೇ ಆಗುತ್ತಿರಲಿಲ್ಲ. ಅಲ್ಲಿಯದೇ ಜೀವ ಅನ್ನಿಸಿತು. ಅದು ಒಮ್ಮೆ ತಿರುಗಿ ಕಾಡನ್ನು ನೋಡಿತು.

“ಕರೀಬೇಡಮ್ಮ,” ನಂಜಪ್ಪ ಪಿಸುಗುಟ್ಟಿದರು. “ಅದೇ ತೀರ್ಮಾನ ಮಾಡ್ಲಿ.”

ನೀರು ಮುಗಿಯುತ್ತಾ ಬಂದಿತ್ತು. ಇನ್ನೊಂದು ಗುಟುಕು ಉಳಿದಿರುವಾಗ ಚಿನ್ನು ನಿಧಾನವಾಗಿ ನಡೆದುಬಂದು ಕುಳಿಯೊಳಗೆ ಕಾಲಿಟ್ಟಿತು. ಆಮೇಲೆ ಆ ಒದ್ದೆ ಕಾಲಲ್ಲೇ ನನ್ನ ಮಡಿಲೇರಿತು. ನಾನು ಅತ್ತುಬಿಟ್ಟೆ.

ಮೇಡಂ ಅದನ್ನು ಕರೆದೊಯ್ಯಲು ಬಂದಾಗ ನಂಜಪ್ಪ ಗೇಟಿನವರೆಗೂ ಹೋದರು. “ಮತ್ತೆ ಊರಿಗೆ ಹೋದ್ರೆ ಇಲ್ಲೇ ಬಿಡಿ ಮೇಡಂ, ತೊಟ್ಟಿ ತುಂಬ್ಸಿಟ್ಟಿರ್ತೀನಿ,” ಎಂದರು.

ಆಮೇಲೆ ಎಷ್ಟೋ ಮನೆ ಬದಲಿಸಿದ್ದೇನೆ. ಬೆನ್ನ ಹಿಂದೆ ಇಡೀ ಕಾಡಿದ್ದರೂ ನನ್ನ ಕಡೆಗೆ ನಡೆದುಬಂದ ಆ ಜೀವವನ್ನು ಮರೆಯಲು ಆಗಿಲ್ಲ. ಈಗಲೂ ಬಕೆಟ್‌ಗೆ ನೀರು ಬಿಟ್ಟಾಗಲೆಲ್ಲ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.