ನಿನ್ನ ಎಣಿಕೆ ತಪ್ಪಿರಲಿಲ್ಲ, ಸುರೇಖಾ

ನಿನ್ನ ಮಗಳು ಅಕ್ಷತಾಳ ದಮ್ಮಿನ ನೀಲಿ ಪಂಪು ಖಾಲಿ ಮಾಡಿದವಳು ನಾನು, ಸುರೇಖಾ. ನೀನಲ್ಲ. ಐದು ವರ್ಷದಿಂದ ನೀನು ನಿನ್ನದೆಂದು ಹೊತ್ತುಕೊಂಡು ತಿರುಗುವ ತಪ್ಪು ನನ್ನದು. ಸೊಸೆಯ ಮುಂದೆ ಬಾಯಿಂದ ಹೇಳಲಿಕ್ಕೆ ಆಗಲಿಲ್ಲ — ಅದಕ್ಕೆ ಬರೆಯುತ್ತೇನೆ. ನಾಲ್ಕನೇ ಇಯತ್ತೆ ಕಲಿತ ಕೈ ಇದು. ಅಕ್ಷರ ಸೊಟ್ಟ ಇದ್ದಾವು, ಸಂಭಾಳಿಸಿಕೊಂಡು ಓದು.

ಕೂಸಿನಂಗೇ ನನಗೂ ದಮ್ಮು, ಈ ಉಬ್ಬಸ, ಇತ್ತು. ಈಗಲೂ ಇದೆ. ಇಚಲಕರಂಜಿಗೆ ಬಂದ ಮೇಲೆ ಇಪ್ಪತ್ತೆಂಟು ವರ್ಷ ಕಾಂಡಿ ಮಶೀನಿನ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತಿಕೊಟ್ಟವಳು. ಅರಳೆಯ ಧೂಳು ನನಗೆ ಹೊಸದಲ್ಲ. ಆದರೆ ಎಲ್ಲಾ ಧೂಳಿನ ಮೇಲೆ ಹಾಕಿ ನಾನು ಪಾರಾಗುವದಿಲ್ಲ — ನಮ್ಮವ್ವನಿಗೂ ಇತ್ತು. ಗೋಡೆಗೆ ದಿಂಬು ಹಚ್ಚಿ ಕೂತೇ ನಿದ್ದೆ ಮಾಡುತ್ತಿದ್ದಳು. ನನ್ನ ಲಗ್ನದೊಳಗೆ ಅದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹಂಗಿದ್ದವಳು, ಮೊಮ್ಮಗಳಿಗೆ ದಮ್ಮು ಅಂತ ಡಾಕ್ಟರು ಹೇಳಿದ ದಿನ ಏನಂದೆ?

"ನಮ್ಮ ಮನೆತನದಾಗ ಇಂಥಾದ್ದಿಲ್ಲವ್ವಾ. ದತ್ತವಾಡದಿಂದ ಬಂದೈತಿ ಇದು."

ದತ್ತವಾಡ ನಿನ್ನ ತವರು. ನೀನು ಹಿಟ್ಟು ನಾದಿದಿ. ಒಮ್ಮೆ ಹಂಗೆ ಅಂದ ಮೇಲೆ ನನ್ನ ಎದೆಯೂ ಸುಂಯ್ ಅನ್ನುತ್ತದೆ ಅಂತ ಯಾವ ಬಾಯಿಂದ ಹೇಳಲಿ?

ನೀನು ಆಗ ಗಾರ್ಮೆಂಟಿನೊಳಗೆ ಕಟಿಂಗ್ ಕೆಲಸಕ್ಕೆ ಹೋಗುತ್ತಿದ್ದಿ. ಕೂಸು ಸಾಲಿಗೆ. ಮಧ್ಯಾಹ್ನ ಮನೆಯೊಳಗೆ ನಾನೊಬ್ಬಳೇ, ಮತ್ತೆ ಕಪಾಟಿನೊಳಗೆ ಆ ಪಂಪು. ಮೊದಲ ದಿನ ಒಂದೇ ಸಲ ಒತ್ತಿಕೊಂಡೆ. ನೀನು ಕೂಸಿಗೆ ಹಚ್ಚುವ ಆ ಬಾಟಲಿಯಂಥ ಸ್ಪೇಸರ್ ಹಚ್ಚಲಿಲ್ಲ, ಅಲುಗಿಸಲಿಲ್ಲ, ಬಾಯೊಳಗೆ ಇಟ್ಟು ಫುಸ್ ಅನಿಸಿದೆ. ಅರ್ಧ ನಾಲಿಗೆಗೇ ಹತ್ತಿರಬೇಕು. ಆದರೂ ಎದೆ ಸಡಿಲಾಯಿತು. ಎಷ್ಟೋ ವರ್ಷದ ಮೇಲೆ ಹೊಟ್ಟೆತನಕ ಉಸಿರು — ಆ ಸುಖ ಬಿಡಲಿಲ್ಲ. ದಿನಾ ಎರಡು, ಆ ಮೇಲೆ ನಾಲ್ಕು, ಆರು. ಔಷಧ ಜಾಸ್ತಿಯಾಗಿ ಕೈ ನಡುಗುತ್ತಿತ್ತು, ಎದೆ ಡಬಡಬ. ದಿನಾ ನೀಲಿ ಪಂಪು ಬೇಕಾಗುತ್ತದೆ ಅಂದರೆ ರೋಗ ಹದ್ದು ಮೀರಿದೆ, ಡಾಕ್ಟರ ಕಡೆ ಓಡಬೇಕು ಅನ್ನುವದು ನನಗೆ ಗೊತ್ತಿರಲಿಲ್ಲ. ಮೊಮ್ಮಗಳ ಔಷಧ ಕದಿಯಬಾರದು ಅನ್ನುವದು ಗೊತ್ತಿತ್ತು.

ನೀನು ಒಂದೊಂದು ಒತ್ತಿಗೂ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನ ಚುಕ್ಕೆ ಇಡುತ್ತಿದ್ದಿ. ಇನ್ನೂರು ಒತ್ತಿಗೆ ಔಷಧ ತೀರುತ್ತದೆ, ಆ ಮೇಲೆ ಪಂಪು ಫುಸ್ ಅಂದರೂ ನಂಬಬೇಡಿ — ಡಾಕ್ಟರು ನಿನಗೆ ಹಂಗೆ ಹೇಳಿದ್ದರು. ನಾನು ಚುಕ್ಕೆ ಇಡಲಿಲ್ಲ. ನೂಲು ಸುತ್ತುವ ಕಾಂಡಿ ಎಷ್ಟು ತುಂಬಿದೆ ಅಂತ ನನಗೆ ಅಂಗೈ ಹೇಳುತ್ತದೆ, ಕಣ್ಣಿನಿಂದ ನೋಡಬೇಕಂತಿಲ್ಲ. ಪಂಪನ್ನೂ ಹಂಗೇ ತೂಗಿದೆ. ಅಲುಗಿಸಿದೆ, ಒಳಗೆ ಇನ್ನೂ ಏನೋ ಗುಳುಗುಳು ಅಂತು. ಅರ್ಧ ಇದೆ ಅಂದುಕೊಂಡೆ. ಕಡೆಯ ವಾರ ಅದರ ಗುಣ ನನಗೇ ಹಿಡಿಯಲಿಲ್ಲ; ದಮ್ಮು ಜಾಸ್ತಿ ಆಗಿದೆ ಅಂತ ಮತ್ತೆ ನಾಲ್ಕು ಒತ್ತಿದೆ.

ಖಂಡೇನವಮಿಯ ಆಯುಧಪೂಜೆಗೆ ಮೊದಲು ಬಾಜೂ ಶೆಡ್ಡಿನವರು ಮಗ್ಗ ಝಾಡಿಸಿ ಧೂಳು ತೆಗೆದರು. ಓಣಿಯ ತುಂಬ ಅರಳೆ. ನಿನಗೆ ಸೂಟಿ ಇತ್ತು. ಹನ್ನೊಂದರ ಸುಮಾರಿಗೆ ಏಳು ವರ್ಷದ ಆ ಕೂಸು ಅಂಗಳದಿಂದ ಒಳಗೆ ಬಂತು — ಕುತ್ತಿಗೆಯ ಕುಣಿ ಒಳಗೆ ಎಳೆಯುತ್ತಿತ್ತು, ಮಾತು ಇಲ್ಲ.

ನೀನು ಎಲ್ಲಾ ಸರಿಯಾಗಿ ಮಾಡಿದಿ. ಮಲಗಿಸಲಿಲ್ಲ, ನೆಟ್ಟಗೆ ಕೂಡ್ರಿಸಿದಿ. ಪಂಪು ಅಲುಗಿಸಿ ಸ್ಪೇಸರಿಗೆ ಹಚ್ಚಿದಿ. ಒಂದು ಒತ್ತು, ಐದು ಉಸಿರು. "ಸಾವಕಾಶ ಚಿನ್ನಾ, ಮಲ್ಲಿಗಿ ವಾಸನಿ ತೊಗೊಂಡಂಗ." ಸ್ವಲ್ಪ ತಡೆದು ಮತ್ತೊಂದು. ಐದು ಆಯಿತು. ಆರು ಆಯಿತು. ಕೂಸಿನ ತುಟಿ ನೀಲಿಗೆ ತಿರುಗಿತು. ನೀನು ಕ್ಯಾಲೆಂಡರಿನ ಕಡೆ ನೋಡಿದಿ.

"ತೊಂಬತ್ತ ಚುಕ್ಕಿ ಸೈತ ಆಗಿಲ್ರೀ ಅತ್ಯಾರ. ಇನ್ನೂ ನೂರರ ಮ್ಯಾಲೆ ಇರಬೇಕು. ಯಾಕ ಹಿಡೀವಲ್ತು?"

ನಾನು ಬಾಗಿಲಿಗೆ ಆತು ನಿಂತಿದ್ದೆ. ಆ ಕ್ಷಣಕ್ಕೆ ನನಗೆ ಗೊತ್ತಾಯಿತು. ನನ್ನ ಅಂಗೈ ಸುಳ್ಳು ಹೇಳಿತ್ತು. 'ಅದು ಖಾಲಿ ಐತಿ, ದವಾಖಾನಿಗೆ ನಡಿ' — ಇಷ್ಟೇ ಮಾತು. ಮೊಮ್ಮಗಳ ಜೀವ ಒಂದು ಕಡೆ, ನನ್ನ ಮರ್ಯಾದೆ ಒಂದು ಕಡೆ, ಮತ್ತೆ ನಾನು —

"ಇನ್ನೊಂದ ಹಾಕಿ ನೋಡವ್ವಾ," ಅಂದೆ.

ನನ್ನ ಮಾತಿಗೆ ನೀನು ಇನ್ನೂ ಎರಡು ಹಾಕಿದಿ. ಆ ಮೇಲೆ ನೀನೇ ಸ್ಪೇಸರ್ ಬಿಸಾಕಿ, ಕೂಸನ್ನು ಎತ್ತಿಕೊಂಡು, ಬರಿಗಾಲಿನಿಂದ ರಿಕ್ಷಾದ ಕಡೆ ಓಡಿದಿ. ಅವಳು ಉಳಿದದ್ದು ನಿನ್ನ ಕಾಲಿನಿಂದ.

ದವಾಖಾನೆಯೊಳಗೆ ಕೂಸಿನ ಮುಖಕ್ಕೆ ಔಷಧದ ಹಬೆ ಹಚ್ಚಿದರು, ಆಕ್ಸಿಜನ್ ಹಚ್ಚಿದರು. ಡಾಕ್ಟರು ಪಂಪು ನೋಡಿ, "ಇದರಾಗ ಔಷಧ ಎಲ್ಲೈತ್ರಿ? ಬರೇ ಗ್ಯಾಸ್ ಬರಾಕತ್ತೈತಿ," ಅಂದರು. ಮಹಾದೇವ ನಿನ್ನ ಕಡೆ ನೋಡಿದ. ನನ್ನ ಮಗ ನಿನ್ನನ್ನು ಹಂಗೆ ನೋಡಿದ್ದು ಅದೇ ಮೊದಲು.

"ನಾ ಎಣಿಸೀನ್ರಿ," ಅಂದಿ ನೀನು. "ಖರೇನ ಎಣಿಸೀನಿ."

"ಎಣಿಸಿದ್ಯೋ, ಎಣಿಸಿದಂಗ ಮಾಡಿದ್ಯೋ?" ಅಂದೆ ನಾನು. "ಕೆಲಸದ ಧ್ಯಾನದಾಗ ಇದ್ದಾಕಿಗೆ ಕೂಸಿನ ಧ್ಯಾನ ಎಲ್ಲಿರತೈತಿ?" ನೀನು ಮತ್ತೆ ಬಾಯಿ ತೆರೆದಿ. "ಸಾಕ್, ಸುಮ್ಮನಿರು," ಅಂದೆ.

ಎಂಟು ದಿನಕ್ಕೆ ನೀನು ಕೆಲಸ ಬಿಟ್ಟಿ.

ತಂಗಿಯನ್ನು ನೋಡಿ ಬರುತ್ತೇನೆ ಅಂತ ಗಡಹಿಂಗ್ಲಜಕ್ಕೆ ಹೋಗಿ ನಾನು ಡಾಕ್ಟರಿಗೆ ತೋರಿಸಿಕೊಂಡೆ. ದಮ್ಮು ತಡೆಯಲಿಕ್ಕೆ ದಿನಾ ಎಳೆದುಕೊಳ್ಳುವದು ಒಂದು ಪಂಪು, ಬಂದಾಗಷ್ಟೇ ನೀಲಿದು. ಎರಡೂ ನನ್ನ ಟ್ರಂಕಿನೊಳಗೆ ಸೀರೆಯ ನಡುವೆ ಇದ್ದಾವು. ನಾನು ಮೆಟ್ಟಲ ಹತ್ತಿ ತೇಕುವಾಗ ನೀನು ಬಿಸಿನೀರು ತಂದು ಕೊಟ್ಟು ಬೆನ್ನು ತಿಕ್ಕುತ್ತಿ. "ಓಡಾಕ ಹತ್ತೀರೇನು, ಪೋಲೀಸ ಬೆನ್ನ ಹತ್ಯಾರೇನ್ರಿ ಅತ್ಯಾರ?" ಅಂತ ನಗಿಸುತ್ತಿ. ನಿನ್ನ ಕೈ ಬೆನ್ನ ಮೇಲೆ ಇರುವತನಕ ನಾನು ಗೋಡೆ ನೋಡುತ್ತ ಕೂಡ್ರುತ್ತೇನೆ.

ಈ ಸುಳ್ಳೂ ಹಿಂಗೇ ನಡೆದು ನನ್ನ ಜೋಡಿ ಮಣ್ಣಿಗೆ ಹೋಗುತ್ತಿತ್ತು. ಆದರೆ ಮೊನ್ನೆ ಗಾರ್ಮೆಂಟಿನ ಮಾಲಕಿಣಿ ನಿನ್ನನ್ನು ವಾಪಸ್ ಕರೆದಳಲ್ಲ — ಅಕ್ಷತಾಗೆ ಈಗ ಹನ್ನೆರಡು, ಅವಳ ಪಂಪು ಅವಳೇ ನೋಡಿಕೊಳ್ಳುತ್ತಾಳೆ, ಇನ್ನೇನು ತೊಂದರೆ ಅಂತ. ನೀನು ಫೋನಿನೊಳಗೆ ಅಂದದ್ದು ನಾನು ಕೇಳಿದೆ. "ಬ್ಯಾಡ್ರಿ ಅಕ್ಕಾರ. ಕಟಿಂಗ್ ಅಂದ್ರ ಬಟ್ಟಿ ಪದರ ಎಣಿಸೂ ಕೆಲಸ. ನನ್ನ ಎಣಿಕಿ ಮ್ಯಾಲೆ ನನಗ ನಂಬಿಗಿ ಉಳದಿಲ್ಲ."

ಒಂದು ಚುಕ್ಕೆಯೂ ತಪ್ಪಿರಲಿಲ್ಲ, ಸುರೇಖಾ. ನಿನ್ನ ತವರಿನಿಂದ ಏನೂ ಬಂದಿರಲಿಲ್ಲ.

ಕ್ಷಮೆ ಕೇಳುವದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತಿ, ನಿನ್ನ ಸ್ವಭಾವ ನನಗೆ ಗೊತ್ತು. ಮೊದಲು ನೀನೊಬ್ಬಳೇ ಓದಿಕೋ; ಇವತ್ತು ಸಂಜೆ ಮಹಾದೇವ ಬಂದ ಮೇಲೆ, ಅಕ್ಷತಾಳನ್ನೂ ಕೂಡ್ರಿಸಿಕೊಂಡು, ಇದನ್ನು ನಾನೇ ಓದುತ್ತೇನೆ. ಆ ಮೇಲೆ ನೀನು ಮಾತಾಡು. ಬೈಯಬೇಕಂದರೆ ಬೈಯಿ. ನಿನ್ನ ಮಾತು ಪೂರಾ ಮುಗಿಯುವತನಕ ನಾನು ಎದ್ದು ಹೋಗುವದಿಲ್ಲ.