ನಿಪ್ಪಾಣಿಯ ಶರತ್ಕಾಲ, ಗಂಗವ್ವನ ಕೆಮ್ಮು

ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಇಳಿದು ಚೀಲ ಕೆಳಗಿಡುವ ಮೊದಲೇ ನನಗೆ ಸೀನು ಶುರುವಾಯಿತು. ಒಂದೆರಡಲ್ಲ, ಕಣ್ಣಲ್ಲಿ ನೀರು ತುಂಬಿ ಎದುರಿನ ಅಂಗಡಿಗಳೆಲ್ಲ ಕಲಸಿಹೋಗುವ ತನಕ. ಗಾಳಿಯಲ್ಲಿ ಹಳೆಯ ಬೆಲ್ಲಕ್ಕೆ ಮಣ್ಣು ಬೆರೆಸಿದಂಥ ಒಂದು ವಾಸನೆ. ಆಟೋದವನು ಹತ್ತಿರ ಬಂದು, "ಕುಠೆ ಜಾಯಚಂ, ತಾಯಿ?" ಎಂದ. ಎಲ್ಲಿಗೆ ಹೋಗಬೇಕು ಎಂದು ಮರಾಠಿಯಲ್ಲಿ ಕೇಳಿದ್ದು ಅಂದಾಜಾಯಿತು. ಆದರೂ ನಾನು ತಲೆಯೆತ್ತಿ ನಿಲ್ದಾಣದ ಹಲಗೆಯನ್ನು ಒಮ್ಮೆ ಓದಿಕೊಂಡೆ. ಕನ್ನಡವೇ. ನನ್ನ ಮುಖ ನೋಡಿ ಅವನು ಭಾಷೆ ಬದಲಿಸಿದ: "ಹೊಸಬ್ರೇನ್ರಿ? ತಂಬಾಕಿನ ಘಾಟರಿ ಅದು. ನಾಕ ದಿನಕ್ಕ ಮೂಗಿಗೆ ರೂಢಿ ಆಗ್ತೈತಿ. ಹತ್ರಿ."

ನಮ್ಮೂರು ಮಳವಳ್ಳಿಯಲ್ಲಿ ಕೂತು ಇದನ್ನು ಓದುತ್ತಿರುವ ನೀವು, ರಾಜ್ಯದ ಆ ತುದಿಗೆ ಇವಳು ಯಾಕೆ ಹೋದಳು ಎಂದು ಕೇಳುತ್ತೀರಿ. ವಿದ್ಯಾ ಕರೆದಳು, ಹೋದೆ. ಅಷ್ಟೆ.

ಮೈಸೂರಿನಲ್ಲಿ ಚೀನೀ ಸೂಜಿ ಚಿಕಿತ್ಸೆ ಕಲಿಯುವಾಗ ಎರಡು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ ನನ್ನ ಅಮ್ಮ ತೀರಿಕೊಂಡರು. ನಾನು ಮಾತು ಬಿಟ್ಟು ಗೋಡೆ ನೋಡುತ್ತಾ ಕೂತಿದ್ದಾಗ ವಿದ್ಯಾ ನನ್ನ ತಲೆ ಬಾಚಿದಳು, ತುತ್ತು ಮಾಡಿ ಬಾಯಿಗಿಟ್ಟಳು, ಪುಸ್ತಕ ತೆರೆದು ಪಾಠ ಓದಿ ಹೇಳಿದಳು. ನಾನು ಪಾಸಾದದ್ದು ಅವಳಿಂದ. ಅವಳು ತನ್ನೂರು ನಿಪ್ಪಾಣಿಗೆ ಹೋಗಿ ಚಿಕಿತ್ಸಾಲಯ ತೆರೆದು, "ಇಬ್ರೂ ಕೂಡೇ ನಡಸೂಣು, ಬಾ ಶೈಲಾ" ಎಂದಾಗ ನಾನು ಅಣ್ಣನನ್ನೂ ಕೇಳಲಿಲ್ಲ.

ಇರುವುದಕ್ಕೆ ಅವಳೇ ಗಂಗವ್ವನ ಮನೆಯಲ್ಲಿ ಮುಂದಿನ ಕೋಣೆ ನೋಡಿದ್ದಳು. ಗಂಗವ್ವನಿಗೆ ಐವತ್ತೈದರ ಹತ್ತಿರ. ಗಂಡ ಇಲ್ಲ. ಒಬ್ಬಳೇ ಮಗಳು ಸವಿತಾಳನ್ನು ಕೃಷ್ಣಾ ನದಿಯ ದಂಡೆಯ ಜುಗೂಳಕ್ಕೆ ಕೊಟ್ಟಿತ್ತು. ಬೆಳಗಾದರೆ ಗಂಗವ್ವ ಬಾಗಿಲ ಬಳಿ ಕಾಲು ಚಾಚಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಲು ಶುರು ಮಾಡುತ್ತಿದ್ದಳು. ಎಲೆ, ಒಂದು ಚಿಟಿಕೆ ತಂಬಾಕು, ಸುರುಳಿ, ದಾರ. ಬೆರಳು ನೋಡದೆಯೇ ಕೆಲಸ ಮಾಡುತ್ತಿತ್ತು. ನಡುನಡುವೆ ಕೆಮ್ಮು. ಆ ಓಣಿಯಲ್ಲಿ ಕೆಮ್ಮದ ಹೆಂಗಸರೇ ಕಡಿಮೆ, ಹಾಗಾಗಿ ಯಾರೂ ಅದನ್ನು ಕೆಮ್ಮು ಎಂದು ಎಣಿಸುತ್ತಿರಲಿಲ್ಲ.

ಮೊದಲ ತಿಂಗಳು ನನಗೆ ಭಾಷೆಯೇ ಕಾಟ ಕೊಟ್ಟಿತು. ಒಬ್ಬಾಕೆಯನ್ನು "ನಿಮಗೆ ಹುಷಾರಿಲ್ವಾ?" ಎಂದು ನಮ್ಮ ಕಡೆಯಂತೆ ಕೇಳಿದೆ. ಆಕೆ ಸೆಟೆದು ನಿಂತಳು: "ಅಂದ್ರ ನಾ ಶಾಣ್ಯಾ ಇಲ್ಲಂತೀರೇನು?" ಇಲ್ಲಿ ಹುಷಾರು ಎಂದರೆ ಶಾಣ್ಯಾ, ಅಂದರೆ ಜಾಣ. ಆರೋಗ್ಯಕ್ಕೆ ಆರಾಮ ಎನ್ನಬೇಕು. ಗಂಗವ್ವ ಮೊರದ ಮೇಲೆ ಬಗ್ಗಿ ನಕ್ಕು ನಕ್ಕು ಕೆಮ್ಮಿದಳು. "ಡಾಕ್ಟರಬಾಯಿ, ಸೂಜಿ ಆಮ್ಯಾಲ ಚುಚ್ರಿ, ಮೊದಲ ಮಾತ ಕಲೀರಿ." ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಆದರೆ ನಾನು ಮೊದಲ ಸಲ ಜೋಳದ ರೊಟ್ಟಿ ಬಡಿದು, ಅದು ಹಂಚಿಗೆ ಹೋಗುವ ಮೊದಲೇ ಮೂರು ತುಂಡಾದ ದಿನ ಡಾಕ್ಟರಬಾಯಿ ಹೋಗಿ "ತಂಗಿ" ಬಂತು, "ರಿ" ಹೋಗಿ "ನೀ" ಬಂತು. ನಮ್ಮ ಕಡೆ ಏಕವಚನ ಬಂದರೆ ಮುಖ ಸಣ್ಣದಾಗುತ್ತದೆ. ನನಗೆ ಆ ದಿನ ಊರೇ ಸಿಕ್ಕಿದಷ್ಟು ಖುಷಿಯಾಯಿತು.

ಮಳೆ ಹಿಂದೆ ಸರಿದು ಬಿಸಿಲು ಬಂತು. ನಮ್ಮಲ್ಲಿ ಈ ಹೊತ್ತಿಗೆ ನಾಲೆಯಲ್ಲಿ ನೀರಿದ್ದು ಗಾಳಿ ತಂಪಾಗಿರುತ್ತದೆ. ಇಲ್ಲಿಯ ಗಾಳಿ ತುಟಿ ಒಡೆಯುವಷ್ಟು ಒಣ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಧೂಳು. ಪುಸ್ತಕದಲ್ಲಿ ಓದಿದ್ದ ಶರತ್ಕಾಲ ಕಣ್ಣಿಗೆ ಬಿದ್ದದ್ದು ಇಲ್ಲೇ. ಚೀನೀ ವೈದ್ಯದ ಲೆಕ್ಕದಲ್ಲಿ ಈ ಋತು 'ಫೇ'ಯದ್ದು, ಅಂದರೆ ಶ್ವಾಸಕೋಶದ್ದು. ಒಣಗುವಿಕೆಗೆ ಅವರು 'ಝಾವ್' ಎನ್ನುತ್ತಾರೆ. ಅದು ಮೂಗು, ಗಂಟಲು, ಚರ್ಮದ ಮೂಲಕ ಒಳಹೋಗಿ ಫೇಯನ್ನು ಬಾಡಿಸುತ್ತದಂತೆ. ಕತ್ತಿಗೆ ಬಟ್ಟೆ ಸುತ್ತಿಕೊಳ್ಳಬೇಕು, ಬೇಗ ಮಲಗಿ ಬೇಗ ಏಳಬೇಕು, ಖಾರ ಕಡಿಮೆ ಮಾಡಬೇಕು, ಬಿಳಿಯ ಪದಾರ್ಥ ತಿನ್ನಬೇಕು: ಮೂಲಂಗಿ, ಬಿಳಿ ಎಳ್ಳು, ಕಲ್ಲುಸಕ್ಕರೆ ಹಾಕಿ ಹಬೆಯಲ್ಲಿ ಬೇಯಿಸಿದ ಪೇರ್ ಹಣ್ಣು.

ಖಾರ ಕಡಿಮೆ ಮಾಡಿ ಎಂದು ನಿಪ್ಪಾಣಿಯಲ್ಲಿ ಹೇಳಲು ಧೈರ್ಯ ಬೇಕು. "ಹಸಿಖಾರ ಇಲ್ಲದ ರೊಟ್ಟಿ ಗಂಟಲಾಗ ಇಳೀಬೇಕಲ್ಲ, ತಂಗಿ?" ಎಂದಳು ಗಂಗವ್ವ. ಪೇರ್ ಹಣ್ಣಿಗೆ ಮಾತ್ರ ಒಪ್ಪಿದಳು. ವಾರವಾದ ಮೇಲೆ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಸೀಬೆಹಣ್ಣು! ಇಲ್ಲಿ ಪೇರಲ ಎಂದರೆ ನಮ್ಮ ಸೀಬೆ. ಏಳು ದಿನ ಪಾಪ ಸೀಬೆಯನ್ನೇ ಕಲ್ಲುಸಕ್ಕರೆಯಲ್ಲಿ ಬೇಯಿಸಿ, ಬೀಜ ಅಗಿದು ನುಂಗಿದ್ದಳು. ನಾನೇ ಪೇಟೆಗೆ ಹೋಗಿ ಸರಿಯಾದ ಹಣ್ಣು ತಂದೆ.

ಈ ಋತುವಿನ ಭಾವ ದುಃಖ, ಅಳು ನುಂಗಿದರೆ ಫೇಗೆ ಭಾರ ಎನ್ನುತ್ತದೆ ಅದೇ ಶಾಸ್ತ್ರ. ಒಂದು ಮಧ್ಯಾಹ್ನ ಅದನ್ನೂ ಅವಳಿಗೆ ಹೇಳಿ, ಗಂಡ ಹೋದಾಗ ಅತ್ತಿರಾ ಎಂದು ಕೇಳಿದೆ. ಗಂಗವ್ವನ ಕೈ ನಿಂತಿತು. ಗಂಡ ಸತ್ತ ಮೂರನೆಯ ದಿನವೇ ಮೊರ ಹಿಡಿದು ಕೂತದ್ದನ್ನು ಹೇಳಿದಳು. "ಅತ್ತೀಯೇನ ಅಂತ ಯಾರೂ ಕೇಳ್ಲಿಲ್ಲ ಯವ್ವಾ. ನೀ ಕೇಳಿದಿ." ನಾನು ಅಮ್ಮನ ವಿಷಯ ಹೇಳಿದೆ. ಇಬ್ಬರೂ ಅತ್ತೆವು. ಮನೆ ಬಿಟ್ಟು ಬಂದ ಮೇಲೆ ನನಗೆ ಮನೆಯಂಥದ್ದು ಸಿಕ್ಕಿದ್ದು ಆ ಮಧ್ಯಾಹ್ನ.

ಹಣ್ಣಿನ ರಸ ಗಂಟಲಿಗೆ ಹಿತವಾಯಿತು, ಕೆಮ್ಮು ತುಸು ತಗ್ಗಿತು. ಗಂಗವ್ವ ಓಣಿಯಲ್ಲೆಲ್ಲ ಹೇಳಿದಳು. ಹೆಂಗಸರು ಒಬ್ಬರ ಹಿಂದೆ ಒಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. "ಗಂಗವ್ವನ್ನ ಆರಾಮ ಮಾಡಿದವರು ಇವರ" ಎಂದು ವಿದ್ಯಾ ನನ್ನನ್ನು ಎಲ್ಲರಿಗೂ ತೋರಿಸುತ್ತಿದ್ದಳು. ನಾನು ಉಬ್ಬಿದೆ, ಸುಳ್ಳು ಹೇಳುವುದಿಲ್ಲ.

ಆದರೆ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸಂಜೆಯಾದರೆ ಮೈ ಬಿಸಿ. ಇದು ಹಣ್ಣಿನಿಂದ ಹೋಗುವಂಥದ್ದಲ್ಲ ಎನಿಸಿ ವಿದ್ಯಾಳಿಗೆ ಹೇಳಿದೆ. ಅವಳು ಕೂಡಲೇ ಒಪ್ಪಿದಳು. ಚಿಕ್ಕೋಡಿಯಲ್ಲಿ ಎದೆಯ ಫೋಟೋ ತೆಗೆಯುವವರ ಪರಿಚಯವಿದೆ ಎಂದು ತಾನೇ ಗಂಗವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ವರದಿ ಮರುದಿನ ಬರುವುದಿತ್ತು, ಅದನ್ನೂ ತಾನೇ ಹೋಗಿ ತಂದಳು. "ಏನೂ ಇಲ್ಲ, ತಂಬಾಕಿನ ಧೂಳು ಅಷ್ಟ" ಎಂದಳು. ವರದಿ ಎಲ್ಲಿ ಎಂದು ಕೇಳುವ ಮಾತು ನನ್ನ ಬಾಯಿಗೆ ಬಂದಿತ್ತು. ಕೇಳಲಿಲ್ಲ. ನನ್ನ ಬಾಯಿಗೆ ತುತ್ತಿಟ್ಟವಳನ್ನು ಹೇಗೆ ಕೇಳಲಿ? ಮನೆಗೆ ಬಂದು ಗಂಗವ್ವನಿಗೆ ನಾನೇ ಹೇಳಿದೆ: "ಫೋಟೋದಲ್ಲಿ ಏನೂ ಇಲ್ಲವಂತೆ, ಅಕ್ಕ."

ದೀಪಾವಳಿಗೆ ಜುಗೂಳದಿಂದ ಸವಿತಾ ಬಂದಳು. ಹೊಸ್ತಿಲಲ್ಲಿ ನಿಂತು ತಾಯಿಯನ್ನು ನೋಡಿದವಳು ಕೈಯ ಚೀಲವನ್ನೂ ಇಳಿಸಲಿಲ್ಲ. "ಏನ ಆಗೇತಿ ಬೇ ನಿನಗ?" ಎಂದು ಕೂಗಿದಳು. ಮರುದಿನವೇ ಸರಕಾರಿ ದವಾಖಾನೆಗೆ ಕರೆದೊಯ್ದಳು. ಕಫ ಪರೀಕ್ಷೆಯಾಯಿತು. ಕ್ಷಯ. ಫೋಟೋ ತೆಗೆಸಿದ್ದೆವು ಎಂದಾಗ ಅಲ್ಲಿನ ಡಾಕ್ಟರು, ಹಾಗಿದ್ದರೆ ಅದರಲ್ಲಿ ಕಾಣಲೇಬೇಕಿತ್ತಲ್ಲ, ತಂದು ತೋರಿಸಿ ಎಂದರಂತೆ.

ನಾನು ಚಿಕಿತ್ಸಾಲಯಕ್ಕೆ ಓಡಿದೆ. ವಿದ್ಯಾ ಒಬ್ಬಳೇ ಕೂತು ಹತ್ತಿ ಉಂಡೆ ಮಾಡುತ್ತಿದ್ದಳು. ಕೇಳಿದೆ. ಅವಳು ಮೇಜಿನ ಖಾನೆ ಎಳೆದು ಲಕೋಟೆ ತೆಗೆದು ಮುಂದಿಟ್ಟಳು. ಹುಡುಕಲೂ ಇಲ್ಲ, ತಡವರಿಸಲೂ ಇಲ್ಲ. ಕ್ಷಯದ ಶಂಕೆ ಇದೆ, ತಕ್ಷಣ ಕಫ ಪರೀಕ್ಷೆ ಮಾಡಿಸಿ ಎಂದು ಅದರಲ್ಲಿ ಬರೆದಿತ್ತು. ಮೂರು ವಾರ ಅದು ನನ್ನ ಕುರ್ಚಿಯಿಂದ ಒಂದು ಮಾರು ದೂರದಲ್ಲಿತ್ತು.

"ಏನೂ ಇಲ್ಲ ಅಂದೆಯಲ್ಲ, ವಿದ್ಯಾ?"

"ಮತ್ತೇನ ಹೇಳ್ಬೇಕಿತ್ತು? ಓಣಿ ಮಂದಿಯೆಲ್ಲಾ ಆಕಿ ಹೆಸರ ಹೇಳ್ಕೊಂಡ ಬರಾಕತ್ತಿದ್ರು. ಆಕಿಗೇ ಟೀಬಿ ಅಂದಿದ್ರ ನಮ್ಮ ಬಾಗ್ಲಕ್ಕ ಯಾರ ಬರ್ತಿದ್ರು? ಹಬ್ಬ ಆಗ್ಲಿ, ಹೇಳಿದ್ರಾತು ಅಂತ ಮಾಡಿದ್ನಿ."

"ಗುಳಿಗೆ ಪುಕ್ಕಟೆ ಸಿಗ್ತಿತ್ತು. ಅವರು ಎಷ್ಟು ಸೊರಗಿದ್ದಾರೆ ನೋಡಿದ್ಯಾ?"

ಅವಳು ಇನ್ನೊಂದು ಹತ್ತಿ ಉಂಡೆ ಸುತ್ತತೊಡಗಿದಳು.

"ನಾನು ಅದೇ ಮನೇಲಿದ್ದೀನಿ. ದಿನಾ ಅವರ ಎದುರು ಕೂತು ಉಣ್ತೀನಿ."

ವಿದ್ಯಾ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಅದನ್ನ ನಾ ವಿಚಾರಾನ ಮಾಡಿರ್ಲಿಲ್ಲ" ಎಂದಳು.

ಲಕೋಟೆ ಬಚ್ಚಿಟ್ಟದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕೊಂದಿತು. ಅವಳು ನನಗೆ ಕೇಡು ಬಯಸಿರಲಿಲ್ಲ. ಈ ಮೂರು ವಾರದಲ್ಲಿ ನಾನು ಒಮ್ಮೆಯೂ ಅವಳ ನೆನಪಿಗೆ ಬಂದಿರಲಿಲ್ಲ. ಲಕೋಟೆ ಎತ್ತಿಕೊಂಡು ಹೊರಗೆ ಬಂದೆ. ಮತ್ತೆ ಆ ಬಾಗಿಲು ಹೊಕ್ಕಿಲ್ಲ.

ಮನೆಯಲ್ಲಿ ಸವಿತಾ ನನ್ನ ಕೈಯಿಂದ ಲಕೋಟೆ ಕಿತ್ತುಕೊಂಡು ಬಾಯಿಗೆ ಬಂದಂತೆ ಬೈದಳು. ಗಂಗವ್ವ ಬೈಯಲಿಲ್ಲ. ಗೋಡೆಗೆ ಒರಗಿ, ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ನನಗೂ ಗೊತ್ತಿರಲಿಲ್ಲ ಎಂದು ಹೇಳುತ್ತಲೇ ಇದ್ದೆ. ಅವಳು ಸೆರಗು ಸರಿಸಿ ಮೆಲ್ಲಗೆ ಹೇಳಿದಳು: "ಆಕಿ ಹೇಳಿದ್ದು ನಾ ನಂಬಿರ್ಲಿಲ್ರಿ, ಡಾಕ್ಟರಬಾಯಿ. ನೀವು ಹೇಳಿದ್ರಿ ಅಂತ ನಂಬಿದ್ನಿ."

ಡಾಕ್ಟರಬಾಯಿ. ರಿ.

ಕೋಣೆ ಖಾಲಿ ಮಾಡಲೇ ಎಂದು ಕೇಳಿದೆ. "ಬಾಡಿಗಿಗೆ ಅದೀರಿ, ಇರ್ರಿ" ಎಂದಳು. ನನ್ನ ಪರೀಕ್ಷೆಯೂ ಆಯಿತು, ಏನೂ ಇರಲಿಲ್ಲ. ನಮ್ಮಲ್ಲಿಗೆ ಕೆಮ್ಮಿಗೆಂದು ಬಂದಿದ್ದ ಹೆಂಗಸರ ಮನೆಗಳಿಗೆ ಒಂದೊಂದಾಗಿ ಹೋಗಿ, ದವಾಖಾನೆಗೆ ಹೋಗಿ ತೋರಿಸಿಕೊಳ್ಳಿ ಎಂದೆ. ಕೆಲವರು ಹೋದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ, "ಆವಾಗ ಒಂದ ಹೇಳಿದ್ರಿ, ಈಗ ಒಂದ ಹೇಳ್ತೀರಿ" ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು?

ಸುದ್ದಿ ತಿಳಿದು ಅಣ್ಣ ಫೋನು ಮಾಡಿದ. "ಅಲ್ಲಿ ಯಾರವ್ರೆ ನಿಂಗೆ? ಬಂದ್ಬುಡು." ಸಂಕ್ರಾಂತಿಗೆ ಹೋದೆ. ಬಿಸಿ ಮುದ್ದೆ, ಉಪ್ಸಾರು, ನನ್ನದೇ ಮಾತು. ಎಲ್ಲ ಹಿತವಾಗಿತ್ತು. ನೆಂಟರೊಬ್ಬರು "ಆ ಕಡೆ ಜನಾನೇ ಅಷ್ಟು, ನಂಬಬಾರದು" ಎಂದಾಗ ನನಗೆ ಸರ್ರನೆ ಸಿಟ್ಟು ಬಂತು. "ನಮ್ಮ ಓಣಿ ಮಂದಿ ಹಂಗಲ್ಲ" ಎಂದುಬಿಟ್ಟೆ. ಯಾರ ಓಣಿ? ಆ ಓಣಿಯಲ್ಲಿ ಅರ್ಧ ಜನ ನನ್ನನ್ನು ಕಂಡು ಮುಖ ತಿರುಗಿಸುತ್ತಿದ್ದರು. ನಾಲ್ಕೇ ದಿನಕ್ಕೆ ಹೊರಟು ಬಂದೆ. ಗಂಗವ್ವನ ಗುಳಿಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ನಡುವೆ ಬಿಡುವಂತಿರಲಿಲ್ಲ. ಸವಿತಾಳಿಗೆ ಜುಗೂಳದಲ್ಲಿ ಎಮ್ಮೆ, ಮಕ್ಕಳು. ದಿನಾ ಬೆಳಿಗ್ಗೆ ಗುಳಿಗೆ, ನೀರು ಎದುರಿಗಿಡುವವಳು ನಾನು. ಗಂಗವ್ವ ನುಂಗುತ್ತಿದ್ದಳು, ಲೋಟ ಪಕ್ಕಕ್ಕಿಡುತ್ತಿದ್ದಳು. ಆಮೇಲೆ ಗೋಡೆಯ ಕಡೆ ತಿರುಗುತ್ತಿದ್ದಳು.

ಈಗ ಮುಂದಿನ ಕೋಣೆಯಲ್ಲೇ ಮಂಡಿ ನೋವು, ಸೊಂಟ ನೋವಿಗೆ ಸೂಜಿ ಚುಚ್ಚುತ್ತೇನೆ. ಕೆಮ್ಮು ಎಂದು ಬಂದವರನ್ನು ಮೊದಲು ದವಾಖಾನೆಗೆ ಕಳಿಸುತ್ತೇನೆ, ವರದಿಯನ್ನು ನನ್ನ ಕಣ್ಣಿಂದ ಓದುತ್ತೇನೆ. ಪೇರ್ ಹಣ್ಣಿನ ಮಾತು ಆಮೇಲೆ. ವಿದ್ಯಾ ಪೇಟೆಯಲ್ಲಿ ಎದುರಾದರೆ ನಗುತ್ತಾಳೆ. ನನ್ನ ಅಮ್ಮ ಸತ್ತ ದಿನಗಳನ್ನು ನೆನೆದರೆ ಈಗಲೂ ಮೊದಲು ಕಾಣುವುದು ಅವಳ ಕೈ. ಆ ನೆನಪನ್ನು ಎಲ್ಲಿಡಬೇಕೋ ನನಗೆ ಗೊತ್ತಾಗಿಲ್ಲ.

ಗುಳಿಗೆ ಮುಗಿದ ಮೇಲೆ ಕೊನೆಯ ಪರೀಕ್ಷೆಗೆ ಗಂಗವ್ವನನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದೆ. ಕಫದಲ್ಲಿ ಏನೂ ಇಲ್ಲ ಎಂದರು. ಚೀಟಿಯನ್ನು ಗಟ್ಟಿಯಾಗಿ ಎರಡು ಸಲ ಓದಿ ಹೇಳಿದೆ. ಅವಳು ಅದನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಸಾಲುಗಳ ಮೇಲೆ ಬೆರಳಾಡಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂತಿರುಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬಳು ನನ್ನ ಮಾತಿನ ರಾಗ ಕೇಳಿ, ಗಂಗವ್ವನ ಕಡೆ ಬಾಗಿ, "ಇವ್ರ ಯಾರ್ರಿ? ಈ ಕಡ್ಯವ್ರಲ್ಲ ಅನಸ್ತೈತಿ" ಎಂದಳು.

ನಾನು ಕಿಟಕಿಯ ಆಚೆ ಕಬ್ಬಿನ ಕಡೆ ಮುಖ ತಿರುಗಿಸಿದೆ.

"ಮೈಸೂರ ಕಡ್ಯಾಕಿ," ಎಂದಳು ಗಂಗವ್ವ. ಸೊಂಟದ ಚೀಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮತ್ತೆ ಹೇಳಿದಳು: "ಸದ್ಯ ನಮ್ಮ ಮನ್ಯಾಗ ಅದಾಳ."