ಮಡಿಯಲ್ಲಿ ಕುಳಿತ ಕನ್ನಡಕ

"ಅಲ್ಲಾಡ್ಬೇಡ ಮಗಾ, ಕಣ್ಣು ಬಿಟ್ಕೊಂಡಿರು, ತೆಗ್ದೇಬಿಡ್ತೀನಿ" ಎನ್ನುತ್ತ ಕಾರ್ಮಿಕನೊಬ್ಬ ಜೊತೆಗಾರ ಮುರುಗೇಶನ ರೆಪ್ಪೆ ಅಗಲಿಸಿ, ಬೆಂಕಿಕಡ್ಡಿಯ ತುದಿಯನ್ನು ಕಣ್ಣಿಗೆ ಇಳಿಸುವುದರಲ್ಲಿದ್ದ. ಕಿಟಕಿಗೆ ಗ್ರಿಲ್ ಮಾಡಿಸಲೆಂದು ಗರುಡಾಚಾರ್‌ಪಾಳ್ಯದ ಆ ವರ್ಕ್‌ಶಾಪಿಗೆ ಹೋಗಿದ್ದ ನಾನು ಕಿರುಚಿಕೊಂಡೆ. ಕಡ್ಡಿ ಕೆಳಗೆ ಬಿತ್ತು. ಗ್ರೈಂಡರ್ ಯಂತ್ರದಲ್ಲಿ ಕಬ್ಬಿಣ ಉಜ್ಜುವಾಗ ಸಿಡಿದ ಚೂರು ಮುರುಗೇಶನ ಕಣ್ಣಲ್ಲಿ ನಾಟಿತ್ತು.

ರಕ್ಷಣಾ ಕನ್ನಡಕ ಇರಲಿಲ್ಲವೇ? ಇತ್ತು. ದೇವರ ಪಟದ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನ ಸಮೇತ, ಆಯುಧಪೂಜೆಯ ಕುಂಕುಮ ಹಚ್ಚಿಸಿಕೊಂಡು, ಯಾರ ಮೂಗನ್ನೂ ಮುಟ್ಟದೆ ಮಡಿಯಲ್ಲಿ ಕುಳಿತಿತ್ತು. ಇದೇನೆಂದು ಮಾಲೀಕರನ್ನು ಕೇಳಿದೆ.

"ದಿನಾ ಹಾಕ್ಕೊಂಡ್ರೆ ಗೀರು ಬಿದ್ದು ಹಾಳಾಗುತ್ತೆ ಮೇಡಂ. ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ಹೊಸಾದು ತೋರಿಸ್ಬೇಕಲ್ವಾ?"

"ಗೀರು ಕಣ್ಣಿನ ಮೇಲೆ ಬೀಳ್ದೆ ಅದರ ಮೇಲೆ ಬೀಳಲಿ ಅಂತಲೇ ಅದನ್ನ ಮಾಡಿರೋದು ಸಾರ್! ಆಟೋ ಕರೀರಿ, ನೀವೂ ಹತ್ತಿ" ಎಂದೆ.

ಆಸ್ಪತ್ರೆಯಲ್ಲಿ ವೈದ್ಯೆ ಚೂರನ್ನು ಹೊರತೆಗೆದರು. ಕಡ್ಡಿ ಆಡಿಸಿದ್ದರೆ ಅದು ಇನ್ನೂ ಆಳಕ್ಕಿಳಿದು ದೃಷ್ಟಿಗೇ ಸಂಚಕಾರ ಬರುತ್ತಿತ್ತೆಂದು ಗದರಿದರು. ಮಾಲೀಕರು ಭಕ್ತಿಯಿಂದ ತಲೆಯಾಡಿಸಿ, "ಮಧ್ಯಾಹ್ನದ ಮೇಲೆ ಕೆಲ್ಸಕ್ಕೆ ಬರಬಹುದಾ ಡಾಕ್ಟ್ರೇ?" ಎಂದು ವಿಚಾರಿಸಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುರುಗೇಶ, "ನೀವೇ ಉಜ್ಜಿ ಸಾರ್, ನಾನು ಆ ಕನ್ನಡಕಕ್ಕೆ ಪೂಜೆ ಮಾಡ್ತೀನಿ" ಎಂದ.

ಗ್ರಿಲ್ ಆರ್ಡರನ್ನು ನಾನು ರದ್ದು ಮಾಡಲಿಲ್ಲ. ಉಜ್ಜುವವರೆಲ್ಲರೂ ಕನ್ನಡಕ ಧರಿಸಿದ್ದರಷ್ಟೇ ಹಣ ಎಂದು ಷರತ್ತು ಹಾಕಿ, ಹೇಳದೆ ಕೇಳದೆ ಹೋಗಿ ನೋಡುತ್ತಿದ್ದೇನೆ. ತಪಾಸಣೆಗೆ ಬರುವ ಅಧಿಕಾರಿಗಳೇ, ಫಳಫಳ ಹೊಳೆಯುವ ಕನ್ನಡಕ ಕಂಡರೆ ಮೆಚ್ಚಿ ಸಹಿ ಹಾಕಬೇಡಿ. ಅದನ್ನು ಯಾರೂ ಹಾಕಿಕೊಂಡೇ ಇಲ್ಲವೆಂದು ತಿಳಿದು, ನಿಂತ ನಿಲುವಿನಲ್ಲೇ ನೋಟಿಸ್ ಕೊಡಿ.